ಒಮ್ಮತ: ಕೈ ಎತ್ತಿದವರ ಲೆಕ್ಕವಲ್ಲ

‘ಬಾಂಬ್ ದಾಳಿಗೆ ಮಿತ್ರರಾಷ್ಟ್ರಗಳ ಸರ್ವಾನುಮತದ ಒಪ್ಪಿಗೆ’ ಅಂತ ತಲೆಬರಹ. ಎರಡು ಸಾಲು ಕೆಳಗೆ ಅದೇ ನಿರ್ಧಾರ ‘ಒಮ್ಮತ’ ಆಗಿರುತ್ತದೆ. ಯಾವುದಾದರೂ ಒಂದನ್ನು ಇಟ್ಟುಕೊಳ್ಳಿ, ಮಾರಾಯರೆ. ಅಮೆರಿಕ, ಯುರೋಪ್ ದೇಶಗಳ ಸೇನಾಕೂಟ ನ್ಯಾಟೊದ ಮಂಡಳಿಯಲ್ಲಿ ಮತದಾನವೇ ನಡೆಯುವುದಿಲ್ಲ, ಸರ್ವಾನುಮತ ಎಲ್ಲಿಂದ ಬಂತು?

ತಂಟೆ ಪದಗಳೊಳಗೇ ಇದೆ. ಒಮ್ಮತದಲ್ಲಿ ‘ಒಂದು’ ಮತ್ತು ‘ಮತ’ ಕೂಡಿವೆ. ಈ ಮತ ಅಭಿಪ್ರಾಯ, ಪೆಟ್ಟಿಗೆಗೆ ಬೀಳುವ ವೋಟಲ್ಲ. ಸರ್ವಾನುಮತದಲ್ಲಿರುವುದು ‘ಅನುಮತ’, ಅಂದರೆ ಅನುಮತಿ ಸಿಕ್ಕಿದ್ದು. ವ್ಯುತ್ಪತ್ತಿಯನ್ನೇ ನೆಚ್ಚಿಕೊಂಡರೆ ಒಮ್ಮತಕ್ಕೆ ಎಲ್ಲರ ಅಭಿಪ್ರಾಯವೂ ಒಂದಾಗಬೇಕು, ಸರ್ವಾನುಮತಕ್ಕೆ ಎಲ್ಲರೂ ‘ಆಗಲಿ’ ಅಂದರೆ ಸಾಕು. ಬಳಕೆ ಪೂರಾ ಉಲ್ಟಾ ಹೋಗಿದೆ. ಈಗ ಸರ್ವಾನುಮತವೆಂದರೆ ಎಣಿಸಿದ ಮತಗಳೆಲ್ಲ ಪರ. ಒಮ್ಮತವೆಂದರೆ ಯಾರೂ ತಡೆಯಲಿಲ್ಲ, ಅಷ್ಟೆ. ಮುಂಬೈ ಕಡೆಯ ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ಹೌಸಿಂಗ್ ಸೊಸೈಟಿ ಮೀಟಿಂಗ್‌ನ ಸೆಕ್ರೆಟರಿ ‘ಯಾರದ್ದೂ ಆಕ್ಷೇಪ ಇಲ್ವಲ್ಲ? ಪಾಸ್’ ಎಂದು ಮುಂದಿನ ವಿಷಯಕ್ಕೆ ಹೋಗುತ್ತಾರಲ್ಲ, ಅದು ಒಮ್ಮತ. ಮಿನಿಟ್ಸ್‌ನಲ್ಲಿ ಅದನ್ನೇ ‘ಸರ್ವಾನುಮತದಿಂದ’ ಎಂದು ಬರೆಯುವುದು ಹಳೇ ದುರಭ್ಯಾಸ.

ನ್ಯಾಟೊದ ಕ್ರಮವೂ ಹೀಗೇ. ನಿರ್ಧಾರದ ಕರಡನ್ನು ಎಲ್ಲ ಸದಸ್ಯ ಸರ್ಕಾರಗಳಿಗೆ ಹಂಚಿ, ಇಂತಿಷ್ಟು ಗಂಟೆಯೊಳಗೆ ಎಂದು ಗಡುವು ಇಡುತ್ತಾರೆ. ಗಡುವಿನೊಳಗೆ ಆಕ್ಷೇಪ ಬರದಿದ್ದರೆ ಕರಡೇ ನಿರ್ಧಾರ. ಬಂದರೆ ‘ಮೌನ ಮುರಿಯಿತು’ ಎನ್ನುತ್ತಾರೆ. ಮೌನಂ ಸಮ್ಮತಿ ಲಕ್ಷಣಂ ಎನ್ನುವ ನಮಗೆ ಇದು ಹೊಸದೇನಲ್ಲ.

1999ರ ಮಾರ್ಚ್ 24ರಿಂದ 78 ದಿನ ಯುಗೊಸ್ಲಾವಿಯಾದ ಮೇಲೆ ನ್ಯಾಟೊ ಬಾಂಬ್ ಬಿದ್ದಾಗ ಕೂಟದಲ್ಲಿದ್ದದ್ದು 19 ದೇಶ. ಗ್ರೀಸ್‌ನ ಜನ ಬೀದಿಗಿಳಿದು ವಿರೋಧಿಸಿದರು. ಸರ್ಕಾರ ಮಂಡಳಿಯಲ್ಲಿ ತಡೆಯಲಿಲ್ಲ, ಬಾಂಬ್ ಹಾಕಲು ವಿಮಾನವನ್ನೂ ಕಳಿಸಲಿಲ್ಲ. 2011ರ ಲಿಬಿಯಾ ಇನ್ನೂ ಸ್ಪಷ್ಟ. ಮಾರ್ಚ್ 17ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ, ಲಿಬಿಯಾದಲ್ಲಿ ಸೇನಾ ಕ್ರಮಕ್ಕೆ ಅನುಮತಿ ಕೊಡುವ ನಿರ್ಣಯಕ್ಕೆ (ಸಂಖ್ಯೆ 1973) 10 ಮತ ಪರ. ಭಾರತ, ಜರ್ಮನಿ, ಚೀನಾ, ರಷ್ಯಾ, ಬ್ರೆಜಿಲ್ ತಟಸ್ಥ. ವಿರೋಧ ಒಂದೂ ಇಲ್ಲ. ಅದನ್ನೂ ‘ಸರ್ವಾನುಮತ’ ಎಂದು ಬರೆಯುವವರಿದ್ದಾರೆ! ಅದೇ ಜರ್ಮನಿ ನ್ಯಾಟೊದಲ್ಲಿ ಒಮ್ಮತ ಮುರಿಯಲಿಲ್ಲ. ಆದರೆ ಮೆಡಿಟರೇನಿಯನ್‌ನಲ್ಲಿದ್ದ ತನ್ನ ನೌಕೆಗಳನ್ನು ನ್ಯಾಟೊ ಕಮಾಂಡ್‌ನಿಂದ ಹಿಂದಕ್ಕೆ ಪಡೆಯಿತು.

ಒಮ್ಮತ ಸಿಕ್ಕಿತೆಂದರೆ ಪ್ರತಿ ಗುರಿಗೂ ಒಪ್ಪಿಗೆ ಸಿಕ್ಕಿತೆಂದೂ ಅಲ್ಲ. 1999ರಲ್ಲಿ ಯುಗೊಸ್ಲಾವಿಯಾದ ರಾಜಧಾನಿ ಬೆಲ್‌ಗ್ರೇಡ್‌ನ ಸೇತುವೆಗಳ ಮೇಲಿನ ದಾಳಿಗೆ ಫ್ರಾನ್ಸ್ ಅಡ್ಡ ನಿಂತಿತ್ತು. ಇದಲ್ಲದೆ ವಾಯು ಕಾರ್ಯಾಚರಣೆ ಕೇಂದ್ರದಲ್ಲಿ ವಿಮಾನ ಕಳಿಸಿದ ಪ್ರತಿ ದೇಶದ ಅಧಿಕಾರಿಯೊಬ್ಬ ಕೂತಿರುತ್ತಾನೆ. ತನ್ನ ದೇಶದ ಕಾನೂನಿಗೋ ನೀತಿಗೋ ಹೊಂದದ ಕೆಲಸ ತನ್ನ ವಿಮಾನಕ್ಕೆ ಬಂದರೆ ‘ರೆಡ್ ಕಾರ್ಡ್’ ತೋರಿಸುತ್ತಾನೆ. ಇದನ್ನು ವೀಟೋ ಎನ್ನಬೇಡಿ. ವೀಟೋ ಬಿದ್ದರೆ ನಿರ್ಣಯವೇ ಬಿದ್ದುಹೋಗುತ್ತದೆ. ರೆಡ್ ಕಾರ್ಡ್ ಬಿದ್ದರೆ ಅದೇ ಗುರಿಯನ್ನು ಇನ್ನೊಂದು ದೇಶದ ವಿಮಾನಕ್ಕೆ ವಹಿಸಬಹುದು.