ಖರ್ಚಾದಷ್ಟು ಕೊಟ್ಟರೆ ಗುತ್ತಿಗೆದಾರ ಖರ್ಚು ಏರಿಸುವುದಿಲ್ಲವೇ?

ಪ್ರಶ್ನೆ: ವಿನ್ಯಾಸ ಮುಗಿಯುವ ಮೊದಲೇ ಗುತ್ತಿಗೆದಾರರನ್ನು ಸೇರಿಸಿಕೊಂಡು, ಖರ್ಚಾದಷ್ಟು ಹಣ ಕೊಡುವ ‘ಅಲಯನ್ಸ್’ ಪದ್ಧತಿಯಿಂದ ಬೊಕ್ಕಸಕ್ಕೆ ನಷ್ಟವಲ್ಲವೇ?

ಉತ್ತರ: ಎಷ್ಟು ಸಲ ವಿವರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತಲೇ ಇದೆ, ಆದ್ದರಿಂದ ಈ ಬಾರಿ ಒಂದೇ ಉದಾಹರಣೆ ಹಿಡಿದು ಬಿಡಿಸಿ ಹೇಳುತ್ತೇನೆ.

2011ರ ಫೆಬ್ರುವರಿ 22ರ ಭೂಕಂಪಕ್ಕೆ ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್ ನಗರದ ನೆಲ ಹಲವೆಡೆ ಕೆಸರಾಗಿ, ಒಳಚರಂಡಿ ಕೊಳವೆಗಳು ಮುರಿದವು, ಇಳಿಜಾರು ತಪ್ಪಿದವು. ಒಳಗೆ ಕ್ಯಾಮೆರಾ ಇಳಿಸದೆ ಹಾನಿ ಎಷ್ಟೆಂದು ಹೇಳುವಂತಿರಲಿಲ್ಲ. ಇಂಥ ಕಡೆ ಅಂದಾಜು ಪಟ್ಟಿ ಮಾಡಿ ಟೆಂಡರ್ ಕರೆದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು: ಕಡಿಮೆ ದರಕ್ಕೆ ಕೆಲಸ ಹಿಡಿದವರು ನೆಲ ಅಗೆದ ಮೇಲೆ ಹೆಚ್ಚುವರಿ ಕಾಮಗಾರಿಯ ಬಿಲ್ ಮುಂದಿಡುತ್ತಾರೆ, ಇಲಾಖೆ ಒಪ್ಪುವುದಿಲ್ಲ, ಅಗೆದ ಗುಂಡಿ ಹಾಗೇ ಉಳಿಯುತ್ತದೆ. ಅದಕ್ಕಾಗಿ ಅಲ್ಲಿ ಮೂರು ಸಾರ್ವಜನಿಕ ಸಂಸ್ಥೆಗಳೂ ಐದು ನಿರ್ಮಾಣ ಕಂಪನಿಗಳೂ ಒಂದೇ ‘ಅಲಯನ್ಸ್’ ಒಪ್ಪಂದದಡಿ ಕೂಡಿ, 2017ರವರೆಗೆ ಕೊಳವೆ, ರಸ್ತೆ, ಸೇತುವೆಗಳನ್ನು ಸರಿಪಡಿಸಿದವು.

ಈಗ ಆ ಹಟಮಾರಿ ತಪ್ಪು ಕಲ್ಪನೆಗೆ ಬರೋಣ. ಆಳು, ಸಾಮಗ್ರಿ, ಯಂತ್ರಗಳ ನೇರ ಖರ್ಚನ್ನು ಲೆಕ್ಕ ಪರಿಶೀಲಿಸಿ ಪಾವತಿಸುವುದು ನಿಜ, ಆದರೆ ಆ ಹಣದಲ್ಲಿ ಲಾಭದ ಪಾಲಿಲ್ಲ. ಲಾಭದ ಲೆಕ್ಕವೇ ಬೇರೆ, ಮತ್ತು ಅದು ಪಣದಲ್ಲಿರುತ್ತದೆ. ಗುರಿವೆಚ್ಚ, ಅಂದರೆ ಕೆಲಸಕ್ಕೆ ಇಷ್ಟು ತಗಲಬೇಕೆಂದು ಮೊದಲೇ ಒಪ್ಪಿಕೊಂಡ ಮೊತ್ತ, 100 ಕೋಟಿ; ಅದಕ್ಕಿಂತ ಹೆಚ್ಚಾದದ್ದನ್ನೂ ಉಳಿದದ್ದನ್ನೂ ಇಲಾಖೆ ಮತ್ತು ಗುತ್ತಿಗೆದಾರರು ಅರ್ಧರ್ಧ ಹಂಚಿಕೊಳ್ಳುತ್ತಾರೆ ಎಂದುಕೊಳ್ಳಿ. ಖರ್ಚು 110 ಕೋಟಿಗೆ ಏರಿದರೆ ಗುತ್ತಿಗೆದಾರರ ಲಾಭದಿಂದ 5 ಕೋಟಿ ಕಡಿತವಾಗುತ್ತದೆ. 90 ಕೋಟಿಯಲ್ಲಿ ಮುಗಿಸಿದರೆ 5 ಕೋಟಿ ಹೆಚ್ಚಿಗೆ ಸಿಗುತ್ತದೆ. ಖರ್ಚು ಉಬ್ಬಿಸುವವನು ತನ್ನ ಜೇಬಿಗೇ ಕತ್ತರಿ ಹಾಕಿಕೊಳ್ಳುತ್ತಾನೆ. ಪೈಪೋಟಿಯೂ ಸತ್ತಿರಲಿಲ್ಲ: ಕ್ರೈಸ್ಟ್‌ಚರ್ಚ್‌ನಲ್ಲಿ ಕೆಲಸ ಚೆನ್ನಾಗಿ ಮಾಡಿದ ತಂಡಕ್ಕೆ ಮುಂದಿನ ಕಾಮಗಾರಿಯಲ್ಲಿ ಹೆಚ್ಚಿನ ಪಾಲು ದೊರೆಯುತ್ತಿತ್ತು. ಲಾಭ-ನಷ್ಟವನ್ನು ಐದೂ ಕಂಪನಿಗಳು ಒಟ್ಟಾಗಿ ಹೊರಬೇಕಿದ್ದರಿಂದ, ದುರಸ್ತಿಗೆ ಅಗ್ಗದ ಉಪಾಯ ಕಂಡುಕೊಂಡವರು ಅದನ್ನು ಮುಚ್ಚಿಟ್ಟುಕೊಳ್ಳಲು ಕಾರಣವೇ ಇರಲಿಲ್ಲ. ಲಾಭದ ದಾರಿಯನ್ನೇ ತಿರುಗಿಸಿದ ಈ ಜಾಣ್ಮೆ ನನಗೆ ಬಹಳ ಮೆಚ್ಚುಗೆ.

ಅನುಮಾನ ಪಡಲೇಬೇಕಾದ ಜಾಗ ಗುರಿವೆಚ್ಚ. ಅದನ್ನೇ ಮೊದಲಿಗೆ ಉಬ್ಬಿಸಿಟ್ಟರೆ ಉಳಿತಾಯವೆಂಬುದು ಕಾಗದದ ಮೇಲಷ್ಟೇ. ಅದಕ್ಕೇ ಗುತ್ತಿಗೆದಾರರಿಗೆ ಸಂಬಂಧವಿಲ್ಲದ ಅಂದಾಜುಗಾರರಿಂದ ಅದನ್ನು ಪ್ರತ್ಯೇಕವಾಗಿ ತಾಳೆ ನೋಡಿಸಬೇಕು.

ಯಾರೂ ಕೇಳದಿದ್ದರೂ ಇನ್ನೊಂದು ಮಾತು ಹೇಳಬೇಕಿದೆ. ಅಳತೆ ಮೊದಲೇ ತಿಳಿದಿರುವ ಹಳ್ಳಿ ರಸ್ತೆಗೆ ಈ ಏರ್ಪಾಡು ಬೇಡ, ಮಾಮೂಲಿ ಟೆಂಡರ್ ಸಾಕು. ಆದರೆ ವಿನ್ಯಾಸವೇ ಮುಗಿಯದ ಕಡೆ ದರವೊಂದನ್ನೇ ನೋಡಿ ಗುತ್ತಿಗೆದಾರರನ್ನು ಆರಿಸಲಾಗದು. ನಮ್ಮಲ್ಲಿ ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ಆಯ್ದ ಕಾಮಗಾರಿಗಳಲ್ಲಿ ದರದ ಜೊತೆಗೆ ಗುಣಮಟ್ಟಕ್ಕೂ ಅಂಕ ಕೊಡಲು ಅನುಮತಿಸಿತು; ಆದರೆ ಆ ಅಂಕ ಶೇ 30 ಮೀರುವಂತಿಲ್ಲ. ನಿಯಮವನ್ನು ಇನ್ನಷ್ಟು ಸಡಿಲಿಸಬಹುದು, ಆದರೆ ಮುಗಿದ ಕೆಲಸದ ಅಳತೆ ಬರೆದಿಟ್ಟ ಪುಸ್ತಕ ನೋಡಿ ಬಿಲ್ ಪಾಸು ಮಾಡಿದ ಅನುಭವವೊಂದೇ ಅಲಯನ್ಸ್‌ಗೆ ಸಾಲದು. ಗುತ್ತಿಗೆದಾರರ ಹಾಜರಿ ಪಟ್ಟಿಯನ್ನೂ ಡೀಸೆಲ್ ರಸೀದಿಯನ್ನೂ ಎದುರಿಗಿಟ್ಟುಕೊಂಡು, ಈ ಯಂತ್ರ ಎರಡು ದಿನ ಸುಮ್ಮನೆ ನಿಂತಿದ್ದೇಕೆಂದು ಕೇಳಬಲ್ಲ ಎಂಜಿನಿಯರ್‌ಗಳೂ ಲೆಕ್ಕಿಗರೂ ಇಲಾಖೆಯೊಳಗೇ ಇರಬೇಕು.