ಕಾರ್ಖಾನೆ ಪಕ್ಕದ ಧೂಳಿಗೆ ಬೇರೆ ಲೆಕ್ಕ

1994ರ ನಿಯಮ ಹೀಗಿತ್ತು: ಜನ ವಾಸ ಮಾಡುವ ಕಡೆ ಗಾಳಿಯಲ್ಲಿ ತೇಲುವ ಧೂಳು ದಿನದ ಸರಾಸರಿಯಲ್ಲಿ ಘನ ಮೀಟರಿಗೆ 200 ಮೈಕ್ರೋಗ್ರಾಂ ಮೀರಬಾರದು, ಕೈಗಾರಿಕಾ ಪ್ರದೇಶವಾದರೆ 500ರವರೆಗೂ ಪರವಾಗಿಲ್ಲ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಕಡೆ ಒಮ್ಮೆ ಸುತ್ತಾಡಿ ಬನ್ನಿ. ಶೆಡ್ಡಿನ ಪಕ್ಕದಲ್ಲೇ ಮನೆ, ಮನೆ ಪಕ್ಕ ಮತ್ತೊಂದು ಶೆಡ್. ಅಲ್ಲಿರುವವರ ಶ್ವಾಸಕೋಶ ಏನು ಬೇರೆ ಥರದ್ದಾ?

ನಮ್ಮಲ್ಲಿ ವಾಯು ಕಾಯ್ದೆ ಬಂದದ್ದು 1981ರಲ್ಲಿ. ದೇಶಮಟ್ಟದಲ್ಲಿ ಗಾಳಿ ಅಳೆಯೋಕೆ ಶುರು ಮಾಡಿದ್ದು 1984ರಲ್ಲಿ, ಅದೂ ಆಗ್ರಾ ಮತ್ತು ಉತ್ತರ ಪ್ರದೇಶದ ಅನ್‌ಪರಾ ಸೇರಿ ಏಳೇ ಏಳು ಕೇಂದ್ರ. ಅದೇ ಡಿಸೆಂಬರಿನಲ್ಲಿ ಭೋಪಾಲ್ ಆಯಿತು. ಈ ಯಂತ್ರಗಳು ಅಲ್ಲಿದ್ದಿದ್ದರೂ ಆ ವಿಷಾನಿಲದ ಸುಳಿವು ಕೊಡುತ್ತಿರಲಿಲ್ಲ, ಅದು ಬೇರೆ ಮಾತು.

ಯಂತ್ರ ಅಂದರೆ ಏನು? ಗಾಳಿ ಎಳೆಯುವ ಒಂದು ಪೆಟ್ಟಿಗೆ, ಒಳಗೊಂದು ಫಿಲ್ಟರ್ ಪೇಪರ್. ಪೇಪರನ್ನು ಮೊದಲೇ ತೂಗಿ, ಎಂಟು ಗಂಟೆ ಓಡಿಸಿ, ಲ್ಯಾಬಿಗೆ ತಂದು ಮತ್ತೆ ತೂಗುತ್ತಾರೆ. ಹೆಚ್ಚಾದ ತೂಕವೇ ಧೂಳು. ದಿನಕ್ಕೆ ಮೂರು ಪೇಪರ್, ವಾರಕ್ಕೆ ಎರಡು ದಿನ, ವರ್ಷಕ್ಕೆ 104 ದಿನ. ಉಳಿದ 261 ದಿನ ಯಾರಾದರೂ ಮಧ್ಯರಾತ್ರಿ ಹೊಗೆ ಬಿಟ್ಟರೆ ಪೇಪರಿಗೆ ಗೊತ್ತಾಗೋದೇ ಇಲ್ಲ. ಸಿಕ್ಕಿದರೂ ಎಂಟು ಗಂಟೆಯ ಸರಾಸರಿಯಲ್ಲಿ ಕರಗಿಹೋಗುತ್ತದೆ.

ದೊಡ್ಡ ಬದಲಾವಣೆ ಆದದ್ದು 2009ರಲ್ಲಿ. ನವೆಂಬರಿನಲ್ಲಿ ಹೊಸ ಮಾನದಂಡ ಬಂತು, ಕಾರ್ಖಾನೆ ಪಕ್ಕಕ್ಕೂ ಬಡಾವಣೆಗೂ ಒಂದೇ ಮಿತಿ: ದಿನದ ಸರಾಸರಿಯಲ್ಲಿ ಪಿಎಂ 10 (10 ಮೈಕ್ರಾನ್ ಒಳಗಿನ ಸಣ್ಣ ಧೂಳು) ಆದರೆ 100 ಮೈಕ್ರೋಗ್ರಾಂ, ಪಿಎಂ 2.5 (ಅದಕ್ಕಿಂತಲೂ ನುಣುಪಾದ, 2.5 ಮೈಕ್ರಾನ್ ಒಳಗಿನ ಧೂಳು) ಆದರೆ 60. ನನ್ನ ಪ್ರಕಾರ ಈ ಇಡೀ ಕಥೆಯಲ್ಲಿ ಸರಿಯಾದ ಕೆಲಸ ಅಂದರೆ ಇದೇ. ಅದೇ ವರ್ಷ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗಾಳಿ, ನೀರು, ನೆಲ ಮೂರನ್ನೂ ಸೇರಿಸಿ 88 ಕೈಗಾರಿಕಾ ಪ್ರದೇಶಗಳಿಗೆ ಅಂಕ ಕೊಟ್ಟಿತು. ಮೊದಲ ಸ್ಥಾನ ಗುಜರಾತಿನ ಅಂಕಲೇಶ್ವರಕ್ಕೆ. 'ಅತಿ ಮಲಿನ' ಎನಿಸಿದ 43ರಲ್ಲಿ ನಮ್ಮ ಮಂಗಳೂರು, ಭದ್ರಾವತಿಯೂ ಇದ್ದವು.

ಈಗ ಪೀಣ್ಯದಲ್ಲಿ ತಾನಾಗಿಯೇ ಅಳೆಯುವ ಕೇಂದ್ರವಿದೆ, ಮೊಬೈಲಿನಲ್ಲೇ ನೋಡಬಹುದು. ಆದರೆ 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಿಸಿಕೊಂಡದ್ದು ನಗರಗಳನ್ನು. ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಅದಿರು ಲಾರಿ ಓಡಾಡಿ ರಸ್ತೆ ಬದಿಯ ಗಿಡಮರವೆಲ್ಲ ಕೆಂಪಗಾಗುವ ಸಂಡೂರಿನ ಕಡೆಯ ಊರುಗಳು ಆ ಪಟ್ಟಿಯಲ್ಲಿಲ್ಲ. ಬಳ್ಳಾರಿಯೂ ಇಲ್ಲ.