ಕ್ರಿಸ್‌ಮಸ್‌ಗೆ ಹಿಮ ಸಿಗುತ್ತದಾ? ಆಲ್ಪ್ಸ್ ಸ್ಕೀ ರಜೆಯ ಹಳೆಯ ಲೆಕ್ಕ

2023ರ ಜನವರಿ ಮೊದಲ ವಾರ ಸ್ವಿಟ್ಜರ್ಲೆಂಡಿನ ಆಡೆಲ್‌ಬೋಡೆನ್‌ನಲ್ಲಿ ಸ್ಕೀ ವಿಶ್ವಕಪ್ ನಡೆಯಿತು. ಇಳಿಜಾರಿನ ಮೇಲೆ ಯಂತ್ರ ಉಗುಳಿದ ಹಿಮದ ಒಂದು ಬಿಳಿ ಪಟ್ಟಿ, ಅದರ ಎರಡೂ ಕಡೆ ಹುಲ್ಲು. ಅದೇ ಹೊಸ ವರ್ಷದ ದಿನ ಡೆಲೆಮೋನ್ ಪಟ್ಟಣದಲ್ಲಿ ತಾಪಮಾನ 20 ಡಿಗ್ರಿ ದಾಟಿತ್ತು. ಗ್ಸ್ಟಾಡ್ ಕಡೆ ಒಂದು ಸ್ಕೀ ಹಾದಿ ಉಳಿಸಿಕೊಳ್ಳಲು ಹೆಲಿಕಾಪ್ಟರ್‌ನಲ್ಲಿ ಹಿಮ ತಂದು ಸುರಿದರು.

ದುಬಾರಿ ರೂಮು, ತುಂಬಿದ ಹೋಟೆಲು, ಹೊರಗೆ ಹುಲ್ಲು. ವರ್ಷದ ಕೊನೆಯ ವಾರವೇ ಸ್ಕೀ ರಜೆಗೆ ಹೋಗಬೇಕು ಅನ್ನುವ ರೂಢಿ ಎಲ್ಲಿಂದ ಬಂತು?

ಶುರುವಿನಲ್ಲಿ ಸ್ಕೀ ಮಾತೇ ಇರಲಿಲ್ಲ. 1864ರಲ್ಲಿ ಸೇಂಟ್ ಮೊರಿಟ್ಸ್‌ನ ಹೋಟೆಲ್ ಮಾಲೀಕ ಯೊಹಾನೆಸ್ ಬಡ್ರುಟ್ ತನ್ನ ಇಂಗ್ಲಿಷ್ ಗಿರಾಕಿಗಳ ಜೊತೆ ಪಂದ್ಯ ಕಟ್ಟಿದ ಎಂಬ ಕಥೆ ಇದೆ. ಚಳಿಗಾಲದಲ್ಲಿ ಬನ್ನಿ, ಇಷ್ಟ ಆಗದಿದ್ದರೆ ಪ್ರಯಾಣದ ಖರ್ಚು ನನ್ನದು ಅಂದನಂತೆ. ಅವನು ಆಸೆ ತೋರಿಸಿದ್ದು ಬಿಸಿಲಿನದು, ಹಿಮದ್ದಲ್ಲ. ಮುಂದೆ 1902-03ರ ಚಳಿಗಾಲದಲ್ಲಿ ಹೆನ್ರಿ ಲನ್ ಎಂಬ ಇಂಗ್ಲಿಷ್ ಪ್ರವಾಸ ವ್ಯವಸ್ಥಾಪಕ ಇದೇ ಆಡೆಲ್‌ಬೋಡೆನ್‌ಗೆ ಗುಂಪು ಕಟ್ಟಿಕೊಂಡು ಬಂದ. ಇಂಗ್ಲೆಂಡಿನ ದೊಡ್ಡ ಶಾಲೆಗಳ ಕುಟುಂಬಗಳೇ ಅವನ ಗಿರಾಕಿಗಳು. ಶಾಲೆಗೆ ರಜೆ ಯಾವಾಗ? ಕ್ರಿಸ್‌ಮಸ್‌ಗೆ. ಆಮೇಲೆ ಫೆಬ್ರವರಿಯ ರಜೆ, ಈಸ್ಟರ್ ರಜೆ ಸೇರಿಕೊಂಡವು. ಸ್ಕೀ ಸೀಸನ್ನಿನ ನಕ್ಷೆ ಹಾಕಿದ್ದು ಶಾಲೆಯ ಕ್ಯಾಲೆಂಡರ್. ಹಿಮ ಅದಕ್ಕೆ ಹೊಂದಿಕೊಳ್ಳಲಿ ಎಂದು ಎಲ್ಲರೂ ಸುಮ್ನೆ ನಂಬಿಕೊಂಡರು.

ಹಿಮ ಕೈಕೊಡುವುದು ಹೊಸದೇನಲ್ಲ. 1928ರ ಸೇಂಟ್ ಮೊರಿಟ್ಸ್ ಒಲಿಂಪಿಕ್ಸ್‌ನಲ್ಲಿ ಫ್ಯೋನ್ ಎಂಬ ಬೆಚ್ಚನೆಯ ಗಾಳಿ ಬೀಸಿ, 50 ಕಿಲೋಮೀಟರ್ ಸ್ಕೀ ಓಟದ ದಿನ ತಾಪಮಾನ 25 ಡಿಗ್ರಿಗೆ ಏರಿತು. 10,000 ಮೀಟರ್ ಸ್ಕೇಟಿಂಗ್ ಅನ್ನು ಮಂಜುಗಡ್ಡೆ ಕರಗಿತೆಂದು ಅರ್ಧಕ್ಕೇ ಬಿಟ್ಟರು. 1964ರಲ್ಲಿ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ಗೆ ಹಿಮವೇ ಬೀಳಲಿಲ್ಲ. ಆಸ್ಟ್ರಿಯಾದ ಸೈನಿಕರು ಸುಮಾರು 40,000 ಘನ ಮೀಟರ್ ಹಿಮವನ್ನು ಹೊತ್ತು ತಂದು ಹಾದಿಗೆ ಹರಡಬೇಕಾಯಿತು. ಇವೆಲ್ಲ ಕೆಟ್ಟ ವರ್ಷಗಳು, ಅಷ್ಟೇ ಅನ್ನಿಸಿತ್ತು ಆಗ.

ಇದಕ್ಕೆ ಕಂಡುಕೊಂಡ ಮೊದಲ ಉಪಾಯ ಮೇಲೆ ಹೋಗುವುದು. 1960ರ ದಶಕದಲ್ಲಿ ಫ್ರಾನ್ಸ್ ಸರ್ಕಾರವೇ ಮುಂದೆ ನಿಂತು ಎತ್ತರದಲ್ಲಿ ಸ್ಕೀ ಊರುಗಳನ್ನು ಕಟ್ಟಿಸತೊಡಗಿತು. ಲಾ ಪ್ಲಾನ್ಯ್, ಲೇಜಾರ್ಕ್, ವಾಲ್ ತೊರಾನ್ಸ್ ಇವೆಲ್ಲ ಆ ಕಾಲದ ಸೃಷ್ಟಿ. ವಾಲ್ ತೊರಾನ್ಸ್ ಇರುವುದು 2,300 ಮೀಟರ್ ಮೇಲೆ. ಕಾಂಕ್ರೀಟಿನ ಆ ಕಟ್ಟಡಗಳು ನೋಡಲು ಚೆಂದ ಅಂತ ನಾನಂತೂ ಹೇಳಲಾರೆ. ಆದರೆ ಹಿಮದ ಲೆಕ್ಕದಲ್ಲಿ ಅವು ಗೆದ್ದಿವೆ. ಚಿತ್ರದಂತಿರುವ ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್ ಊರು ಇರುವುದು ಸುಮಾರು 760 ಮೀಟರ್ ಎತ್ತರದಲ್ಲಿ. ಅಲ್ಲಿನ ಹೆಸರುವಾಸಿ ಹಾನೆನ್‌ಕಾಮ್ ಸ್ಪರ್ಧೆ ಹಿಮವಿಲ್ಲದೆ ರದ್ದಾದದ್ದೂ ಇದೆ.

ಎರಡನೆಯ ಉಪಾಯ ಯಂತ್ರ. 1950ರಲ್ಲಿ ಅಮೆರಿಕದ ಕನೆಟಿಕಟ್‌ನಲ್ಲಿ ಹುಟ್ಟಿದ ಹಿಮದ ಯಂತ್ರ 1978ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಸಾವೊನ್ಯಿನ್‌ನಲ್ಲಿ ದೊಡ್ಡ ಮಟ್ಟದಲ್ಲಿ ಬಂತು. ಮೊದಮೊದಲು ಇದೆಲ್ಲ ಯಾಕೆ ಬೇಕು ಅಂದವರೇ ಜಾಸ್ತಿ. 1987ರಿಂದ 1990ರವರೆಗೆ ಸತತ ಮೂರು ಚಳಿಗಾಲ ಹಿಮ ಕಡಿಮೆ ಬಿತ್ತು. ಕೇಬಲ್ ಕಾರ್ ಕಂಪನಿಗಳ ಗಲ್ಲಾಪೆಟ್ಟಿಗೆ ಖಾಲಿಯಾಯಿತು. ಆಮೇಲೆ ಯಾರೂ ಆ ಪ್ರಶ್ನೆ ಕೇಳಲಿಲ್ಲ.

ಯಂತ್ರದ ಕೆಲಸ ಸರಳ. ನೀರನ್ನು ಸಣ್ಣ ಹನಿಗಳಾಗಿ ಗಾಳಿಗೆ ಚಿಮ್ಮಿಸುತ್ತದೆ, ಅವು ಕೆಳಗೆ ಬೀಳುವಷ್ಟರಲ್ಲಿ ಹೆಪ್ಪುಗಟ್ಟಬೇಕು. ಗಾಳಿ ಒಣಗಿದ್ದರೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೂ ಆಗುತ್ತದೆ. ತೇವ ಇದ್ದರೆ ಇನ್ನೂ ಎರಡು-ಮೂರು ಡಿಗ್ರಿ ಕೆಳಗಿಳಿಯಬೇಕು. ಹಾಗಾಗಿ ಡಿಸೆಂಬರ್ ಬೆಚ್ಚಗಿದ್ದರೆ ಕೋಟಿಗಟ್ಟಲೆ ಸುರಿದು ತಂದ ಯಂತ್ರವೂ ಸುಮ್ಮನೆ ನಿಂತಿರುತ್ತದೆ. ತೀರಾ ಬೇಕಾದ ಹೊತ್ತಿಗೇ ಕೈಕೊಡುತ್ತದೆ ಅಲ್ವಾ?

ಯಾವ ಊರನ್ನು ನಂಬಬಹುದು ಅನ್ನುವುದಕ್ಕೆ ಸ್ವಿಟ್ಜರ್ಲೆಂಡಿನಲ್ಲಿ 1980ರ ದಶಕದಲ್ಲೇ ಒಂದು ಅಳತೆ ಬಂತು. ಚಳಿಗಾಲದಲ್ಲಿ ಕನಿಷ್ಠ 100 ದಿನ, ನೆಲದ ಮೇಲೆ ಕನಿಷ್ಠ 30 ಸೆಂಟಿಮೀಟರ್ ಹಿಮ ಇರಬೇಕು. ಶ್ರೀಮಂತ ದೇಶಗಳ ಆರ್ಥಿಕ ಸಂಘಟನೆಯಾದ ಒಇಸಿಡಿಯ 2007ರ ವರದಿ ಆಲ್ಪ್ಸ್‌ನ 666 ಸ್ಕೀ ಪ್ರದೇಶಗಳನ್ನು ಇದೇ ಅಳತೆಯಲ್ಲಿ ತೂಗಿತು. ಆಗ ಗೆದ್ದವು 609. ತಾಪಮಾನ 2 ಡಿಗ್ರಿ ಏರಿದರೆ ಉಳಿಯುವವು 404, 4 ಡಿಗ್ರಿ ಏರಿದರೆ 202. ಒಂದೊಂದು ಡಿಗ್ರಿಗೂ ಹಿಮವನ್ನು ನಂಬಬಹುದಾದ ಎತ್ತರದ ಗೆರೆ ಸುಮಾರು 150 ಮೀಟರ್ ಮೇಲೆ ಸರಿಯುತ್ತದೆ.

1970ರಿಂದ 2015ರವರೆಗಿನ ಸ್ವಿಸ್ ಅಳತೆಗಳನ್ನು ನೋಡಿದ ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತ ಕುತೂಹಲದ್ದು ಅನ್ನಿಸುತ್ತದೆ. ಹಿಮದ ಕಾಲ ಮೊದಲಿಗಿಂತ 12 ದಿನ ತಡವಾಗಿ ಶುರುವಾಗುತ್ತಿದೆ, 26 ದಿನ ಬೇಗ ಮುಗಿಯುತ್ತಿದೆ. ಅಂದರೆ ಹೆಚ್ಚು ಪೆಟ್ಟು ಬಿದ್ದಿರುವುದು ವಸಂತಕ್ಕೆ. ಆದರೆ ಈಸ್ಟರ್ ಕಳೆದ ಮೇಲೆ, ಜನರನ್ನು ಇಳಿಜಾರಿನ ಮೇಲಕ್ಕೆ ಒಯ್ಯುವ ಎಷ್ಟೋ ಲಿಫ್ಟುಗಳು ಹೇಗೂ ನಿಂತಿರುತ್ತವೆ, ಆ ನಷ್ಟ ಯಾರ ಗಮನಕ್ಕೂ ಬರುವುದಿಲ್ಲ. ಡಿಸೆಂಬರಿನ 12 ದಿನ ಮಾತ್ರ ನೇರವಾಗಿ ಜೇಬಿಗೆ ತಟ್ಟುತ್ತದೆ.

ದಾವೋಸ್ ಮೇಲಿನ ವೈಸ್‌ಫ್ಲೂಯೋಖ್‌ನಲ್ಲಿ, 2,540 ಮೀಟರ್ ಎತ್ತರದಲ್ಲಿ, 1936ರಿಂದ ಹಿಮ ಅಳೆಯುತ್ತಿದ್ದಾರೆ. ಅಲ್ಲಿ ಹಿಮ ಅತಿ ದಪ್ಪಗಿರುವುದು ಕ್ರಿಸ್‌ಮಸ್ ಹೊತ್ತಿಗಲ್ಲ, ಸಾಮಾನ್ಯವಾಗಿ ಮಾರ್ಚ್-ಏಪ್ರಿಲ್‌ನಲ್ಲಿ. ಚಳಿಗಾಲ ಪೂರ್ತಿ ಬಿದ್ದದ್ದು ಪದರದ ಮೇಲೆ ಪದರವಾಗಿ ಸೇರಿರುತ್ತದೆ. ಕೆಳಗಿನ ಊರುಗಳಲ್ಲಿ ಅಷ್ಟರಲ್ಲಿ ಕೆಸರು. ಹಾಗಾಗಿ 1,000 ಮೀಟರಿನ ಊರಿಗೆ ಜನವರಿ ಕೊನೆ, ಫೆಬ್ರವರಿ ಒಳ್ಳೆಯದು. 2,000 ಮೀಟರಿಗೂ ಮೇಲಾದರೆ ಮಾರ್ಚ್. ಹೊಸ ವರ್ಷ ಕಳೆದ ಮೇಲಿನ ಜನವರಿ ವಾರಗಳಲ್ಲಿ ಜನವೂ ಕಡಿಮೆ, ದರವೂ ಕಡಿಮೆ. ಚಳಿ ಮಾತ್ರ ಜಾಸ್ತಿ.

ಎತ್ತರವೂ ಪೂರ್ತಿ ಭರವಸೆ ಅಲ್ಲ. ಸ್ವಿಟ್ಜರ್ಲೆಂಡಿನ ಜೆರ್‌ಮಾಟ್ ಊರಿನ ಮೇಲಿನ ಹಿಮನದಿಯಿಂದ ಇಟಲಿಗೆ ಇಳಿಯುವ ವಿಶ್ವಕಪ್ ಡೌನ್‌ಹಿಲ್ ಸ್ಪರ್ಧೆಯನ್ನು 2022ರಲ್ಲಿ ಹಿಮ ಸಾಲದೆ ರದ್ದು ಮಾಡಿದರು. 2023ರಲ್ಲಿ ವಿಪರೀತ ಹಿಮ, ಗಾಳಿ ಅಂತ ಮತ್ತೆ ರದ್ದು. ಆ ಎರಡು ವರ್ಷಗಳಲ್ಲಿ ಸ್ವಿಸ್ ಹಿಮನದಿಗಳು ತಮ್ಮ ಗಾತ್ರದ ಸುಮಾರು ಹತ್ತನೇ ಒಂದು ಪಾಲನ್ನು ಕಳೆದುಕೊಂಡವು.

ಮ್ಯೂನಿಕ್‌ನಲ್ಲೋ ಜ್ಯೂರಿಕ್‌ನಲ್ಲೋ ಇರುವ ಕನ್ನಡಿಗರು ಗುರುವಾರ ಹವಾಮಾನ ನೋಡಿ ಶನಿವಾರ ಹೊರಡಬಹುದು. ಬೆಂಗಳೂರಿನಿಂದ ಹೋಗುವವರಿಗೆ ಆ ಸೌಕರ್ಯ ಇಲ್ಲ. ಷೆಂಗೆನ್ ವೀಸಾಗೆ ಟಿಕೆಟ್, ಹೋಟೆಲ್ ವಿವರ ಎಲ್ಲ ಮೊದಲೇ ತೋರಿಸಬೇಕು. ಏಪ್ರಿಲ್-ಮೇ ಬೇಸಿಗೆ ರಜೆಯಲ್ಲಿ ಹೋದರೆ ಟಿಟ್ಲಿಸ್ ಶಿಖರದ ಮೇಲೋ, 3,454 ಮೀಟರಿನ ಯುಂಗ್‌ಫ್ರಾವ್‌ಯೋಖ್‌ನಲ್ಲೋ ಹಿಮ ಮುಟ್ಟಿ ಬರಬಹುದು. ಸ್ಕೀ ಕಲಿಯುವ ಇಳಿಜಾರುಗಳು ಅಷ್ಟರಲ್ಲಿ ಹೆಚ್ಚಾಗಿ ಮುಚ್ಚಿರುತ್ತವೆ. ಕಲಿಯಲೇಬೇಕು ಅನ್ನುವವರು ಮಕ್ಕಳ ಪರೀಕ್ಷೆಗೆ ಮುಂಚೆ, ಜನವರಿ ಕೊನೆಯ ಒಂದು ವಾರ ಹೊಂದಿಸಿಕೊಳ್ಳುವುದು ವಾಸಿ. ಬುಕ್ ಮಾಡುವಾಗ ಹೋಟೆಲ್ ಎಷ್ಟು ಎತ್ತರದಲ್ಲಿದೆ ಅನ್ನುವುದರ ಜೊತೆಗೆ ಲಿಫ್ಟ್ ಎಷ್ಟು ಎತ್ತರದವರೆಗೆ ಹೋಗುತ್ತದೆ, ಕಲಿಯುವವರ ಇಳಿಜಾರು ಮೇಲಿದೆಯೋ ಕೆಳಗಿದೆಯೋ ಎಂದೂ ಕೇಳಿ ತಿಳಿದುಕೊಳ್ಳಿ.